ಬ್ರೌಸರಿಗೂ ಸುಳಿ ನೋಡಬೇಕು

ಕಂಪ್ಯೂಟರಿನಲ್ಲಿ ಏನನ್ನಾದರೂ ತೆರೆಯಲು ಹೋದಾಗ ಪರದೆಯ ನಡುವೆ ಒಂದು ಉಂಗುರ ಗಿರಗಿರನೆ ಸುತ್ತುತ್ತದಲ್ಲ, ಅದಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೋ ನಾನರಿಯೆ. ನಂಜನಗೂಡಿನ ನಮ್ಮ ಮನೆಯಲ್ಲಿ ಅದರ ಹೆಸರು ಸುಳಿ. ಹೆಸರಿಟ್ಟವನು ನಾನೇ. "ಏನ್ರೀ, ಬಸ್ಸಿಗೆ ಟಿಕೆಟ್ ಬುಕ್ ಆಯ್ತಾ?" ಎಂದು ನನ್ನ ಹೆಂಡತಿ ಸುಮಿತ್ರ ಅಡುಗೆಮನೆಯಿಂದ ಕೂಗಿದರೆ, "ಇರು, ಇನ್ನೂ ಸುಳಿ ಸುತ್ತುತ್ತಾ ಇದೆ" ಎಂದು ನಾನು ನಡುಮನೆಯಿಂದ ಕೂಗುತ್ತೇನೆ. ಮಗಳು ಚೈತ್ರ ಪಕ್ಕದ ತಾಂಡ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಮಿಸ್ಟ್. ಅಲ್ಲಿಯೂ ಒಮ್ಮೆ ಬಾಯಿತಪ್ಪಿ, "ಸರ್, ರಿಪೋರ್ಟ್ ಓಪನ್ ಆಗ್ತಿಲ್ಲ, ಸುಳಿ ಬಂದಿದೆ" ಎಂದಳಂತೆ. ಕನ್ನಡ ಬಾರದ ಮ್ಯಾನೇಜರು ಅದು ಯಾವುದೋ ಕೆಮಿಕಲ್ ಇರಬೇಕೆಂದು ಮೂಗು ಮುಚ್ಚಿಕೊಂಡರಂತೆ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಈ ಎರಡಕ್ಷರದ ಪದ ಮುಂದೆ ಅವಳ ಮದುವೆಗೇ ಅಡ್ಡಗಾಲು ಹಾಕುತ್ತದೆಂದು ಆಗ ಯಾರಿಗೆ ಗೊತ್ತಿತ್ತು?

ಪದ ನಾನು ಹುಟ್ಟಿಸಿದ್ದಲ್ಲ, ಕೊಟ್ಟಿಗೆಯಿಂದ ತಂದದ್ದು. ನಮ್ಮೂರು ಟಿ. ನರಸೀಪುರದಿಂದ ತಲಕಾಡಿನ ಕಡೆಗೆ ಹೋಗುವ ದಾರಿಯಲ್ಲಿದೆ. ಅಲ್ಲಿ ದನ ಕೊಳ್ಳುವವರು ಮೊದಲು ನೋಡುತ್ತಿದ್ದದ್ದು ಸುಳಿಯನ್ನು. ದನದ ಮೈಮೇಲೆ ಕೂದಲು ಸುತ್ತಿಕೊಂಡು ಬೆಳೆದ ಜಾಗವೇ ಸುಳಿ. ಅದು ಇರಬೇಕಾದ ಕಡೆ ಇದ್ದರೆ ಮನೆಗೆ ಒಳ್ಳೆಯದು. ಕಣ್ಣಿನ ಕೆಳಗಿದ್ದರೆ ಮುಗಿಯಿತು, ಆ ಮನೆಯಲ್ಲಿ ಕಣ್ಣೀರು ನಿಲ್ಲುವುದಿಲ್ಲ ಎಂದು ನಂಬಿಕೆ. ಬೇರೆ ಊರುಗಳಲ್ಲಿ ಇದನ್ನು ನೋಡುವವರು ಗಂಡಸರು. ನಮ್ಮೂರಿನಲ್ಲಿ ನಮ್ಮವ್ವ. ಯಾರ ಮನೆಗೆ ಎತ್ತು ಬಂದರೂ ಮೊದಲು ನಮ್ಮ ಮನೆ ಮುಂದೆ ನಿಲ್ಲಬೇಕು. ಅವ್ವ ಸೆರಗು ಸಿಕ್ಕಿಸಿಕೊಂಡು, ಅಂಗೈ ಒದ್ದೆ ಮಾಡಿಕೊಂಡು, ಮೈಯನ್ನೆಲ್ಲ ಸವರಿ ತೀರ್ಪು ಕೊಡುತ್ತಿದ್ದಳು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಒಮ್ಮೆ ನನ್ನ ಸೋದರಮಾವ ಒಂದು ಜೊತೆ ಎತ್ತು ಹೊಡೆದುಕೊಂಡು ಬಂದ. ಅವ್ವ ಸವರಿದಳು, ಏನೂ ಸಿಗಲಿಲ್ಲ. ಆದರೂ ಮೂಗು ಅರಳಿಸಿ, "ಇದ್ಯಾಕ್ಲಾ ಅರಳೆಣ್ಣೆ ನಾತ ಒಡೀತದೆ?" ಎಂದಳು. ಸೀಗೆಪುಡಿ ಕಲಸಿ ನನ್ನ ಕೈಗೆ ಕೊಟ್ಟು, ನಾತ ಬರುತ್ತಿದ್ದ ಎತ್ತಿನ ಮುಖ ತೊಳೆಯಲು ಹೇಳಿದಳು. ನನ್ನ ತಲೆಗೂ ವಾರವಾರ ಅದೇ ಸೀಗೆಪುಡಿ. ಎತ್ತು ನನಗಿಂತ ಕಡಿಮೆ ಗಲಾಟೆ ಮಾಡಿತು. ಎಣ್ಣೆ ಬಿಟ್ಟ ಮೇಲೆ ಅದರ ಕಣ್ಣಿನ ಕೆಳಗಿನ ಕೂದಲು ಮೆಲ್ಲಗೆ ಎದ್ದು ಸುತ್ತಿಕೊಂಡಿತು. ಎತ್ತು ಮಾರಿದ ದಲ್ಲಾಳಿ ಎಣ್ಣೆ ಮೆತ್ತಿ ಸುಳಿಯನ್ನು ಮಲಗಿಸಿಬಿಟ್ಟಿದ್ದ. ಮಾವ ಬಂದ ದಾರಿಯಲ್ಲೇ ಎತ್ತುಗಳನ್ನು ತಿರುಗಿಸಿಕೊಂಡು ಹೋದ. ಅವ್ವನ ಕಣ್ಣಿಗೆ ತಪ್ಪು ಎಂಬುದೇ ಇಲ್ಲ ಎಂದು ಊರು ಅಂದೇ ತೀರ್ಮಾನಿಸಿತು. ಅವ್ವ ಊರಿಗಿಂತ ಮೊದಲೇ ತೀರ್ಮಾನಿಸಿದ್ದಳು.

ಆ ಕಣ್ಣು ದನಗಳ ಮೇಲೆ ಮಾತ್ರ ಬಿದ್ದಿದ್ದರೆ ನಾನು ಸುಖವಾಗಿರುತ್ತಿದ್ದೆ. ನನ್ನ ನೆತ್ತಿಯಲ್ಲಿ ಎರಡು ಸುಳಿ. ಎರಡು ಸುಳಿಯವನಿಗೆ ಎರಡು ಮದುವೆ ಎಂಬುದು ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು. ಶಾಲೆಯಲ್ಲಿ ನಾನು 'ಎಲ್ಡೆಂಡ್ರು ಮಾದೇವ'. ಹೆಸರೂ ಅದಕ್ಕೆ ಒಪ್ಪುವಂತೆಯೇ ಇತ್ತು, ಕೈಲಾಸದ ಮಹದೇವನಿಗೂ ಗಂಗೆ ಗೌರಿ ಇಬ್ಬರಲ್ಲವೆ? ನನ್ನ ಮದುವೆ ಗೊತ್ತಾದಾಗ ಅವ್ವ ಧಾರೆಯ ದಿನ ಬೆಳಗ್ಗೆ ಒಂದು ರಸಬಾಳೆ ಗಿಡಕ್ಕೆ ನನ್ನ ಕೈಯಿಂದ ಅರಿಶಿನದ ಕೊಂಬು ಕಟ್ಟಿಸಿ, ಮೊದಲನೆಯ ಮದುವೆಯ ಲೆಕ್ಕ ಮುಗಿಸಿದಳು. ಸುಮಿತ್ರ ಕಾನೂನಿನ ಪ್ರಕಾರ ಮೊದಲನೆಯವಳು, ಅವ್ವನ ಪ್ರಕಾರ ಎರಡನೆಯವಳು. ಇಂದಿಗೂ ಸಾರಿಗೆ ಉಪ್ಪು ಕಡಿಮೆ ಎಂದು ಬಾಯಿಬಿಟ್ಟರೆ, "ಹೋಗಿ, ನಿಮ್ಮ ಹಿರೀ ಹೆಂಡ್ತಿ ಹತ್ರ ಮಾಡಿಸ್ಕೊಳ್ಳಿ" ಎಂದು ಹಿತ್ತಲಿನ ಬಾಳೆಯತ್ತ ಸೌಟು ತೋರಿಸುತ್ತಾಳೆ. ಬಾಳೆ ಇದುವರೆಗೂ ನನ್ನ ಮೇಲೆ ಒಂದು ದೂರು ಹೇಳಿಲ್ಲ.

ಇಂಥವನ ಲ್ಯಾಪ್‌ಟಾಪಿನಲ್ಲಿ ಒಂದೇ ಬ್ರೌಸರ್ ಇರುವುದು ಹೇಗೆ ಸಾಧ್ಯ? ಮೂರಿದ್ದವು. ಬ್ರೌಸರ್ ಎಂದರೆ ನಮ್ಮನ್ನು ಇಂಟರ್‌ನೆಟ್ಟಿಗೆ ಎಳೆದುಕೊಂಡು ಹೋಗುವ ಎತ್ತು, ಅಷ್ಟೆ. ಅವುಗಳ ನಿಜವಾದ ಹೆಸರು ಹೇಳುವುದಿಲ್ಲ, ಹೇಳಿದರೆ ಓದುವವರಲ್ಲೇ ಪಕ್ಷಗಳಾಗಿ ಜಗಳ ಹತ್ತೀತು. ನಾನು ಅವಕ್ಕೆ ಬೋರ, ಕೆಂದ, ನೀಲ ಎಂದು ಎತ್ತಿನ ಹೆಸರನ್ನೇ ಇಟ್ಟಿದ್ದೆ. ಬಣ್ಣ ನೋಡಿ ಊಹಿಸಲು ಹೋಗಬೇಡಿ. ಬೇಕೆಂದೇ ಬಣ್ಣ ಅದಲುಬದಲು ಮಾಡಿದ್ದೇನೆ.

ನನ್ನ ಕೆಲಸವೂ ತಾಂಡ್ಯದಲ್ಲೇ, ಬೇರೊಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಯಾವ ಸಾಮಾನನ್ನೂ ಪರೀಕ್ಷೆ ಮಾಡದೆ ಒಳಗೆ ಬಿಟ್ಟುಕೊಂಡು ಗೊತ್ತಿಲ್ಲ. ಹೀಗಾಗಿ ಭಾನುವಾರ ಬಂತೆಂದರೆ ಮೂರನ್ನೂ ಓಡಿಸಿ ನೋಡುತ್ತಿದ್ದೆ. ವೇಗಕ್ಕೆ ಅಳತೆ ಒಲೆಯ ಮೇಲಿನ ಹಾಲು. ಬೋರನನ್ನು ಒತ್ತಿದರೆ ಹಾಲಿಗೆ ಕೆನೆ ಕಟ್ಟುವ ಮೊದಲೇ ಪುಟ ತೆರೆದು ನಿಲ್ಲಿಸುತ್ತಿದ್ದ. ಕೆಂದ ಹಾಲು ಉಕ್ಕುವ ಹೊತ್ತಿಗೆ ಬರುತ್ತಿದ್ದ. ನೀಲ ಬರುವಷ್ಟರಲ್ಲಿ ಹಾಲು ಉಕ್ಕಿ, ಒಲೆ ಆರಿ, ಸುಮಿತ್ರ ಬಂದು ನನ್ನೆದುರು ನಿಂತಿರುತ್ತಿದ್ದಳು.

"ಹಾಲು ನೋಡ್ಕೊಳ್ಳಿ ಅಂದ್ರೆ ಅದನ್ಯಾಕ್ರೀ ನೋಡ್ತಾ ಕೂತಿದ್ದೀರಿ?"

"ಎರಡನ್ನೂ ನೋಡ್ತಾ ಇದ್ದೆ ಕಣೇ."

"ಅದೇ ಕಣ್ರೀ ನಿಮ್ಮ ತೊಂದರೆ. ಎರಡು ಸುಳಿ!"

ಬೋರ ಚೂಟಿ, ಆದರೆ ಹೊಟ್ಟೆಬಾಕ. ಬ್ರೌಸರ್ ಮೆಮೊರಿಯನ್ನು 'ತಿನ್ನುತ್ತದೆ' ಎಂದು ಚೈತ್ರ ಹೇಳಿಕೊಟ್ಟ ದಿನದಿಂದ ನನಗೆ ಮೇವಿನ ಚಿಂತೆ ಹತ್ತಿತ್ತು. ಬೋರ ಎದ್ದನೆಂದರೆ ಲ್ಯಾಪ್‌ಟಾಪಿನ ಫ್ಯಾನು ಗೊರಗೊರ ಎನ್ನುವುದು, ಬೇರೆ ಕೆಲಸಕ್ಕೆ ಜಾಗವೇ ಉಳಿಯದು. ತಪ್ಪು ಪೂರ್ತಿ ಅವನದೂ ಅಲ್ಲ. ತೆರೆದ ಟ್ಯಾಬನ್ನು ಮುಚ್ಚುವ ಜಾಯಮಾನ ನನ್ನದಲ್ಲ. ಮಂಡಿನೋವಿಗೆ ವ್ಯಾಯಾಮ, ಹುರುಳಿ ಬಸ್ಸಾರು ಹುಳಿಯದಂತೆ ಇಡುವ ಉಪಾಯ, ಕಬಿನಿಯ ನೀರಿನ ಮಟ್ಟ, ಪಂಚಾಂಗ, ಬೋಳುತಲೆಗೆ ಕರಿಬೇವಿನ ಎಣ್ಣೆ, ಎಲ್ಲವೂ ಮುಂದೆಂದಾದರೂ ಬೇಕಾದೀತೆಂದು ಸಾಲಾಗಿ ನಿಂತಿರುತ್ತಿದ್ದವು. "ಅಪ್ಪ, ಇದು ಬ್ರೌಸರಲ್ಲ, ಸಂತೆ" ಎಂದಿದ್ದಳು ಚೈತ್ರ. ಇಬ್ಬರು ಹೆಂಡಿರನ್ನು ಸಂಭಾಳಿಸಿದವನಿಗೆ ಇದೊಂದು ಭಾರವೇ ಎಂದು ನಾನು ಇನ್ನೊಂದು ಟ್ಯಾಬು ತೆರೆದೆ.

ಬ್ಯಾಟರಿಯ ಪರೀಕ್ಷೆ ನಡೆದದ್ದು ನರಸೀಪುರದ ಬಸ್ಸಿನಲ್ಲಿ. ಅವ್ವ ಊರಿನಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇದ್ದಾಳೆ. ಇದ್ದಾಳೆ ಎನ್ನುವುದಕ್ಕಿಂತ ಆಳುತ್ತಿದ್ದಾಳೆ ಎನ್ನಬೇಕು. ಅವಳನ್ನು ನೋಡಲು ಹೋಗುವಾಗಲೆಲ್ಲ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಸಲ ಬೋರ, ಒಂದು ಸಲ ಕೆಂದ, ಒಂದು ಸಲ ನೀಲ ಎಂದು ಓಡಿಸಿದೆ. ಬೋರ ಅರ್ಧ ದಾರಿಗೇ ಬ್ಯಾಟರಿ ಬರಿದು ಮಾಡಿ ನನ್ನ ತೊಡೆಯನ್ನೂ ಬೇಯಿಸಿದ. ಕಂಡಕ್ಟರು ಹತ್ತಿರ ಬಂದು, "ಏನ್ ಸಾ, ಮನೇಲಿ ಬುತ್ತಿ ಕಟ್ಕೊಟ್ಟವ್ರಾ? ಬಿಸಿ ಅಬೆ ಬತ್ತಾ ಅದೆ" ಎಂದ. ಕೆಂದ ನರಸೀಪುರ ಕಾಣುವವರೆಗೆ ಎಳೆದ. ನೀಲ ಮಾತ್ರ ಊರು ಸೇರಿದ ಮೇಲೂ ದಣಿದಿರಲಿಲ್ಲ. ಇಷ್ಟೆಲ್ಲ ತಿಳಿದೂ ನಾನು ನೆಚ್ಚಿಕೊಂಡಿದ್ದು ಬೋರನನ್ನೇ. ನೀಲ ಒಳ್ಳೆಯವನು ನಿಜ, ಆದರೆ ಒಳ್ಳೆಯವರಿಗಾಗಿ ಕಾಯುವ ತಾಳ್ಮೆ ನನಗೆ ಮೊದಲಿನಿಂದಲೂ ಇಲ್ಲ.

ಹೀಗಿರುವಾಗ ಚೈತ್ರಳಿಗೆ ನಮ್ಮೂರ ಕಡೆಯ ಸೋಸಲೆಯಿಂದ ಒಂದು ಸಂಬಂಧ ಬಂತು. ಹುಡುಗ ಲೋಕೇಶ, ಪಶುವೈದ್ಯ, ಕೆಲಸ ದೂರದ ಅಂಡಮಾನಿನಲ್ಲಿ. ಇಬ್ಬರೂ ಫೋನಿನಲ್ಲಿ ಹಲವು ಸಲ ಮಾತಾಡಿದ್ದರು. ಫೋನು ಇಟ್ಟ ಮೇಲೂ ಚೈತ್ರಳ ಮುಖದಲ್ಲಿ ನಗು ಉಳಿದಿರುವುದನ್ನು ಕಂಡು, ಕಾಣದವನಂತೆ ನಾನು ಪೇಪರು ಮಗುಚುತ್ತಿದ್ದೆ. ಅವಳದು ಒಂದೇ ಷರತ್ತು: ಅಜ್ಜಿ ನೋಡಿ ಒಪ್ಪಬೇಕು. ನಾನೂ ಸುಮಿತ್ರಳೂ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಅವಳನ್ನು ಎತ್ತಿ ಆಡಿಸಿದವಳು ಅವ್ವ. ಹುಡುಗನಿಗೆ ರಜೆ ಸಿಗುವುದು ದೀಪಾವಳಿಗೆ, ಸೋಸಲೆಯವರಿಗೆ ಅಲ್ಲಿಯವರೆಗೆ ಕಾಯುವ ಮನಸ್ಸಿಲ್ಲ. ಆದ್ದರಿಂದ ಊರಿನ ಮನೆಯಲ್ಲಿ, ಅವ್ವನ ಎದುರು, ಲ್ಯಾಪ್‌ಟಾಪಿನಲ್ಲೇ ಗಂಡು ನೋಡುವುದೆಂದು ಗೊತ್ತಾಯಿತು. ಹುಡುಗ ದನದ ಡಾಕ್ಟರೆಂದು ಕೇಳಿಯೇ ಅವ್ವ ಅರ್ಧ ಒಪ್ಪಿದ್ದಳು.

ಆ ಭಾನುವಾರ ನಡುಮನೆಯಲ್ಲಿ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆವು. ಶುಭಕಾರ್ಯವೆಂದು ಅವ್ವ ಅದಕ್ಕೊಂದು ಕುಂಕುಮದ ಬೊಟ್ಟಿಟ್ಟಳು, ಸರಿಯಾಗಿ ಕ್ಯಾಮರಾದ ಮೇಲೆ. ಅದನ್ನು ಒರೆಸಿ ನಾನು ಬೋರನನ್ನು ಎಬ್ಬಿಸಿದೆ. ಲೋಕೇಶ ಕಾಣಿಸಿಕೊಂಡ, ಕೈಮುಗಿದ, "ನಮಸ್ಕಾರ ಅಜ್ಜಿ, ಊಟ ಆ" ಎಂದ. ಅಷ್ಟೇ. ಬೋರ ಕಾಲು ಮಡಚಿ ಕೂತುಬಿಟ್ಟ. ಹುಡುಗನ ಚಿತ್ರ ಬಾಯಿ ತೆರೆದ ಹಾಗೇ ನಿಂತುಹೋಯಿತು. ಸುಳಿ ಬಂದು ಸ್ವಲ್ಪ ಸುತ್ತಿ, ಅದೂ ನಿಂತಿತು. ನಿಂತದ್ದು ಹುಡುಗನ ಎಡಗಣ್ಣಿನ ಕೆಳಗೆ. ನಾನು ಕಂಡ ಕಂಡ ಗುಂಡಿ ಒತ್ತುತ್ತಿದ್ದೆ. ಅವ್ವ ಕನ್ನಡಕ ಸರಿಮಾಡಿಕೊಂಡು, ಮುಂದೆ ಬಾಗಿ ನೋಡಿದಳು. ಮುಖ ಬಿಗಿದುಕೊಂಡು ಎದ್ದು ಹಿತ್ತಲಿಗೆ ಹೋದಳು. ನಾನೂ ಹಿಂದೆಯೇ ಹೋದೆ.

"ಸುಳಿ ಸರಿಯಿಲ್ಲ ಕಣ್ಲಾ ಮಾದೇವ."

"ನಾನೂ ನೋಡ್ದೆ ಕಣವ್ವ. ಮೊದ್ಲಿಂದ್ಲೂ ಅದು ಅಂಗೇಯ."

"ಮೊದ್ಲೇ ಗೊತ್ತಿತ್ತಾ? ಗೊತ್ತಿದ್ದೂ ಮನೆಗ್ ತಂದ್ಯಾ?"

"ಚೂಟಿಯಾಗದೆ ಅಂತ ಇಟ್ಕೊಂಡಿದ್ದೆ. ತಿನ್ನೋದು ಮಾತ್ರ ಜಾಸ್ತಿ."

"ಅದ್ ಬ್ಯಾರೆ ಕೇಡಾ! ಬ್ಯಾಡ ಕಣಪ್ಪ. ಬ್ಯಾರೇದ್ ನೋಡು."

"ಆಯ್ತವ್ವ, ಇದನ್ನ ತಗ್ದಾಕ್ಬುಡ್ತೀನಿ. ಇನ್ನೂ ಎರಡವೆ ನನ್ನತ್ರ."

"ಎಲ್ಡವಾ? ಅಂಗಿದ್ಮೇಲೆ ಇದ್ಯಾಕ್ ಬೇಕಿತ್ತು" ಎಂದು ಅವ್ವ ನಿರಾಳವಾಗಿ ಉಸಿರುಬಿಟ್ಟಳು.

ನಮ್ಮ ಕಡೆ ಬಂದ ಸಂಬಂಧವನ್ನೂ 'ಅದು' ಎಂದೇ ಮಾತಾಡುತ್ತಾರೆ. ಸೋಸಲೇದು ಬೇಡ, ಮಳವಳ್ಳೀದು ನೋಡಿ, ಹೀಗೆ. ನಾನು ಬ್ರೌಸರಿನ ಮಾತಾಡುತ್ತಿದ್ದೆ, ಅವ್ವ ಹುಡುಗನ ಮಾತಾಡುತ್ತಿದ್ದಳು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ಅರ್ಥವಾಯಿತೆಂದು ತೃಪ್ತಿ. ಲೋಕೇಶನಿಗೆ ಫೋನು ಮಾಡಿ, ನೆಟ್ ಕೈಕೊಟ್ಟಿತು, ಬರುವ ಭಾನುವಾರ ಮತ್ತೆ ಮಾತಾಡೋಣ ಎಂದು ಹೇಳಿ, ನಾವು ಸಂಜೆಯ ಬಸ್ಸಿಗೆ ನಂಜನಗೂಡಿಗೆ ಬಂದೆವು. ಬೋರನನ್ನು ಕಿತ್ತುಹಾಕಿ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ವಾರದ ನಡುವೆ ಲೋಕೇಶನ ತಂದೆ ಫೋನು ಮಾಡಿದರು. ದನಿ ಬಿಸಿಯಾಗಿತ್ತು.

"ಏನ್ ಸ್ವಾಮಿ, ನಮ್ಮುಡ್ಗ ಜಾಸ್ತಿ ತಿಂತಾನೆ ಅಂದ್ರಂತೆ? ತಿಂದ್ರೆ ನಿಮ್ಮನೇದ್ ತಿಂದಿದ್ನಾ?"

ನನಗೆ ತಲೆಬುಡ ತಿಳಿಯಲಿಲ್ಲ. ಅವರು ನಿಲ್ಲಿಸಲಿಲ್ಲ. "ಕೆನ್ನೆ ಮ್ಯಾಲೆ ಸುಳಿ ಅದೆ, ನನ್ ಮಗ್ನೂ ಬ್ಯಾಡ ಅಂದವ್ನೆ, ಬ್ಯಾರೆ ಎಲ್ಡು ಗಂಡು ನೋಡ್ಮಡಗವ್ನೆ ಅಂತ ನಿಮ್ಮವ್ವಾರೇ ಯೋಳಿ ಕಳ್ಸವ್ರೆ. ನಮ್ಗೂ ಬ್ಯಾರೆ ಎಣ್ಣು ಗೊತ್ತು ಸ್ವಾಮಿ."

ಹಿತ್ತಲಿನಲ್ಲಿ ಆಡಿದ ಒಂದೊಂದು ಮಾತೂ ನನಗೀಗ ನೆನಪಿಗೆ ಬಂತು. ಸುಮಿತ್ರ ಕೇಳಿ ನಗಲೂ ಆರದೆ ಬೈಯಲೂ ಆರದೆ ಕೂತಳು. ಚೈತ್ರ ನಗಲಿಲ್ಲ. "ಅಪ್ಪ, ನಂಗೆ ಅವ್ರು ಇಷ್ಟ ಆಗಿದ್ರು" ಎಂದಳು. ಮತ್ತೆ, "ಅಜ್ಜಿ ಬೇಡ ಅಂದ್ರೆ ನಾನು ಮಾಡ್ಕೊಳ್ಳಲ್ಲ. ಆದ್ರೆ ಅಜ್ಜಿ ಅವ್ರನ್ನ ನೋಡೇ ಇಲ್ವಲ್ಲಪ್ಪ. ನಿಮ್ಮ ಬ್ರೌಸರನ್ನ ನೋಡಿ ಬೇಡ ಅಂದ್ರು" ಎಂದಳು. ಸೋಸಲೆಯವರ ಕೈಕಾಲು ಹಿಡಿದು ಇನ್ನೊಂದೇ ಒಂದು ಭಾನುವಾರ ಬೇಡಿಕೊಂಡೆ.

ಅವ್ವನನ್ನು ಒಪ್ಪಿಸುವುದು ಅದಕ್ಕಿಂತ ಕಷ್ಟವಾಯಿತು. ರಜೆ ಹಾಕಿ ಊರಿಗೆ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದೆ.

"ಕಣ್ಣಾರೆ ಕಂಡಿವ್ನಿ ಕಣ್ಲಾ" ಎಂದಳು.

"ಅದು ಉಡ್ಗನ ಸುಳಿ ಅಲ್ಲ ಕಣವ್ವ, ಕಂಪ್ಯೂಟರ್ ಸುಳಿ."

"ಕಂಪೂಟ್ರುಗೆ ಕೂದ್ಲದಾ?"

ಕೊನೆಗೆ, ಮೊಮ್ಮಗಳು ಸರಿಯಾಗಿ ಊಟ ಮಾಡುತ್ತಿಲ್ಲ ಎಂದ ಮೇಲೆ, ಇನ್ನೊಮ್ಮೆ ನೋಡಲು ಒಪ್ಪಿದಳು. ಆದರೆ ತಾನು ನೋಡಿ ಸರಿ ಎನ್ನುವವರೆಗೂ ಚೈತ್ರ ಕೋಣೆ ಬಿಟ್ಟು ಈಚೆ ಬರಕೂಡದು.

ಈಗ ಉಳಿದವರು ಕೆಂದ ಮತ್ತು ನೀಲ. ಆ ವಾರ ನಾನು ಅವರನ್ನು ಓಡಿಸಿ ನೋಡಿದ ಹಾಗೆ ಹಿಂದೆಂದೂ ನೋಡಿರಲಿಲ್ಲ. ಹಿಂದೆ ಅದು ಹೊತ್ತು ಕಳೆಯುವ ಆಟ, ಈಗ ಮಗಳ ಬಾಳು. ನಡುಮನೆಯಿಂದ ಅಡುಗೆಮನೆಗೆ, ಸುಮಿತ್ರಳ ಫೋನಿಗೆ, ಸಂಜೆಯೆಲ್ಲ ವಿಡಿಯೋ ಕಾಲ್ ಹಚ್ಚಿಟ್ಟೆ. ಕೆಂದ ಆಗಾಗ ತಾನಾಗಿಯೇ ಮುಚ್ಚಿಕೊಂಡು, ಮತ್ತೆ ತೆರೆದಾಗ ನಯವಾಗಿ ಕ್ಷಮೆ ಕೇಳುತ್ತಿದ್ದ. ಕ್ಷಮೆ ಕೇಳುವವನನ್ನು ನಂಬಿ ಅವ್ವನ ಮುಂದೆ ಕೂರಲಾಗುವುದಿಲ್ಲ. ನೀಲ ನಿಧಾನವಾಗಿ ಎದ್ದ, ಎದ್ದವನು ಮತ್ತೆ ಕೂರಲಿಲ್ಲ. "ಇನ್ನೂ ಎಷ್ಟು ಹೊತ್ತು ರೀ ನಿಮ್ಮ ಮುಖ ನೋಡೋದು? ಎದುರಿಗೆ ನೋಡಿದ್ದೇ ಸಾಕಾಗಿತ್ತು" ಎಂದು ಸುಮಿತ್ರ ಫೋನನ್ನು ಹಿಟ್ಟಿನ ಡಬ್ಬಕ್ಕೆ ಒರಗಿಸಿ ಚಪಾತಿ ಲಟ್ಟಿಸಿದಳು. ಟ್ಯಾಬುಗಳನ್ನೂ ಒಂದೊಂದಾಗಿ ಮುಚ್ಚಿದೆ. ಕರಿಬೇವಿನ ಎಣ್ಣೆಯ ಟ್ಯಾಬಿನ ಹತ್ತಿರ ಕೈ ತಡೆಯಿತು. ಮಗಳಿಗಿಂತ ಕೂದಲು ಹೆಚ್ಚೇ ಎಂದು ಅದನ್ನೂ ಮುಚ್ಚಿದೆ.

ಭಾನುವಾರ ಮಧ್ಯಾಹ್ನ ಊರಿನ ಮನೆಯಲ್ಲಿ ಎಲ್ಲ ಅಣಿಯಾಗಿ, ನಾನು ನೀಲನನ್ನು ಒತ್ತುವ ಹೊತ್ತಿಗೆ ಕರೆಂಟು ಹೋಯಿತು. ಉಳಿದದ್ದು ಲ್ಯಾಪ್‌ಟಾಪಿನ ಬ್ಯಾಟರಿ ಮತ್ತು ನನ್ನ ಫೋನಿನ ನೆಟ್. ಬಸ್ಸಿನಲ್ಲಿ ಸುಮ್ಮನೆ ಬರಬಾರದೆ, ಅಲ್ಲಿಯೂ ಒಂದು ಪರೀಕ್ಷೆ ಮಾಡಿ ಬ್ಯಾಟರಿಯನ್ನು ಅರ್ಧಮಾಡಿಕೊಂಡು ಬಂದಿದ್ದೆ. ನೀಲ ಎಂದಿನಂತೆ ತಡಮಾಡಿದ. ಸುಳಿ ಕಾಣಿಸಿಕೊಂಡ ಕೂಡಲೇ ನಾನು ಅವ್ವನಿಗೂ ಪರದೆಗೂ ನಡುವೆ ಅಡ್ಡ ನಿಂತೆ. ಅದು ಹೋದ ಮೇಲೆ ಸರಿದೆ. ಲೋಕೇಶನ ಮುಖ ತೊಳೆದಿಟ್ಟ ಹಾಗೆ ಕಾಣುತ್ತಿತ್ತು.

"ಬೆಳಕ್ಗೆ ಬಾಪ್ಪ" ಎಂದಳು ಅವ್ವ. ಬಂದ. "ಎಡಗಡೆ ಕೆನ್ನೆ ತೋರ್ಸು." ತೋರಿಸಿದ. "ಕನ್ನಡ್ಕ ತಗಿ." ತೆಗೆದ. ದಿನವೂ ದನಗಳನ್ನು ತಿರುಗಿಸಿ ನೋಡುವವನು ತಾನೇ ತಿರುಗಿ ತಿರುಗಿ ನಿಲ್ಲುತ್ತಿದ್ದ.

"ಹಲ್ಲೂ ತೋರಿಸ್ಲಾ ಅಜ್ಜಿ?" ಎಂದ.

"ವಯಸ್ಸು ಗೊತ್ತದೆ, ಅಲ್ಲು ಬ್ಯಾಡ" ಎಂದಳು ಅವ್ವ, ನಗದೆ. "ಓದ್ ವಾರ ಇತ್ತಲ್ಲಪ್ಪ ಸುಳಿ? ಎಣ್ಣೆಗಿಣ್ಣೆ ಅಚ್ಕೊಂಡಿದ್ದೀಯಾ?"

"ಇಲ್ಲ ಕಣಜ್ಜಿ, ಸೋಪಾಕಿ ತೊಳ್ಕೊಂಡೇ ಕೂತಿವ್ನಿ."

ಅವ್ವನ ಮುಖದಲ್ಲಿ ಅನುಮಾನ ಇನ್ನೂ ಇಳಿದಿರಲಿಲ್ಲ. ಅಷ್ಟರಲ್ಲಿ ಲೋಕೇಶ ಪರದೆಯತ್ತ ಬಾಗಿ, "ಅಜ್ಜಿ, ಈಗ ನಮ್ ಕಡೆ ನೆಟ್ ನಿಧಾನ ಆಗೋಯ್ತು. ನಿಮ್ ಮಾತ್ ಕೇಳ್ತದೆ, ನಿಮ್ ಮೊಕ ಮಾತ್ರ ಅಳ್ಳಾಡ್ತಿಲ್ಲ. ನೋಡಿ, ಅದೇ ಸುಳಿ ಈಗ ನಿಮ್ ಕಣ್ ಕೆಳಗದೆ" ಎಂದ.

ಅವ್ವ ಕೈಯೆತ್ತಿ ಕೆನ್ನೆ ಮುಟ್ಟಿಕೊಂಡಳು. ಎಷ್ಟೋ ಎತ್ತುಗಳನ್ನು ಸವರಿದ ಆ ಅಂಗೈ ತನ್ನದೇ ಕಣ್ಣಿನ ಕೆಳಗೆ ಮೆಲ್ಲಗೆ ಹುಡುಕಿತು. ನಮ್ಮಪ್ಪ ಚಿಕ್ಕ ವಯಸ್ಸಿನಲ್ಲೇ ಹೋದವನು. ಆ ವರ್ಷ ಅವ್ವ ಎದುರಾದರೆ ದಾರಿ ಬದಲಿಸಿದವರು, ಅವಳ ಕಾಲ್ಗುಣದ ಮಾತಾಡಿದವರು ನಮ್ಮೂರಲ್ಲೇ ಇದ್ದರು. ಅವಳು ಅದನ್ನು ಒಂದು ದಿನವೂ ಬಾಯಿಬಿಟ್ಟು ಹೇಳಿದವಳಲ್ಲ. ಆ ಹೊತ್ತು ಅವಳ ಮುಖ ನೋಡಿ, ಯಾಕಾದರೂ ಈ ಲ್ಯಾಪ್‌ಟಾಪ್ ತಂದೆನೋ ಎಂದು ನನಗೆ ದುಃಖವಾಯಿತು.

"ಇನ್ನೂ ಕಾಣ್ತದಾ?" ಎಂದು ಕೇಳಿದಳು.

"ಕಾಣ್ತದೆ ಅಜ್ಜಿ."

"ಕಂಡೂ ಕೂತಿದ್ದೀಯಾ?"

"ಎದ್ದು ಎಲ್ಲಿಗೋಗ್ಲಿ ಅಜ್ಜಿ? ನಿಮ್ಮತ್ರ ಮಾತಾಡಕ್ಕೇ ಅಲ್ವಾ ಕೂತಿರೋದು?"

ಅವ್ವ ಕೆನ್ನೆಯಿಂದ ಕೈ ಇಳಿಸಿದಳು. ಆಮೇಲೆ, "ನಿನ್ ಮೊಕದಲ್ ಕಂಡಾಗ ನಾನು ಎದ್ದೋಗ್ಬುಟ್ಟಿದ್ದೆ ಕಣಪ್ಪ" ಎಂದಳು.

ಲ್ಯಾಪ್‌ಟಾಪಿನ ಮೂಲೆಯಲ್ಲಿ ಬ್ಯಾಟರಿಯ ಗುರುತು ಕೆಂಪಗಾಯಿತು. "ಅವ್ವ, ಬ್ಯಾಟ್ರಿ ಮುಗೀತಾ ಅದೆ" ಎಂದೆ. ಅವ್ವ ಕೋಣೆಯ ಕಡೆ ತಿರುಗಿ, "ಚೈತ್ರಾ, ಬಾರವ್ವ ಈಚ್ಗೆ. ಬಂದ್ ಇಲ್ ಕೂತ್ಕೊ" ಎಂದು ಕೂಗಿ, ತಾನು ಕೂತಿದ್ದ ಜಾಗ ಬಿಟ್ಟು ಎದ್ದಳು. ಚೈತ್ರ ಕಣ್ಣೊರೆಸಿಕೊಂಡು ಬಂದು ಕೂತಳು. ಸುಮಿತ್ರ ಅವ್ವನ ಕೈಹಿಡಿದು ಜಗಲಿಗೆ ಹೊರಟಳು. ನೀಲನಿಗೆ ಏನಾದರೂ ಆದರೆ ಇರಲಿ ಎಂದು ನಾನು ಮಾತ್ರ ಲ್ಯಾಪ್‌ಟಾಪಿನ ಪಕ್ಕದಲ್ಲೇ ನಿಂತಿದ್ದೆ.

ಅವ್ವ ಹೊಸ್ತಿಲಲ್ಲಿ ತಿರುಗಿ ನೋಡಿದಳು. "ನೀನ್ಯಾಕ್ಲಾ ನಿಂತಿದ್ದಿ? ಇರೋ ಬ್ಯಾಟ್ರೀಲಿ ಅವ್ರು ಮಾತಾಡ್ಕಳ್ಳಿ. ನಡಿ ಒರ್ಗೆ."